ಇಬ್ಬರ ನಡುವೆ ಓಡಾಡುವ ಇನ್ಫೆಕ್ಷನ್: ನಿಮ್ಮ ಪ್ರಶ್ನೆ, ವೈದ್ಯೆಯ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಒಂದೇ ಮಾತು ಮತ್ತೆ ಮತ್ತೆ ಇತ್ತು. ಮಾತ್ರೆ ತಗೊಂಡಾಗ ಹೋಗುತ್ತದೆ, ಮೂರು ನಾಲ್ಕು ವಾರ ಆರಾಮ, ಆಮೇಲೆ ಮತ್ತೆ ಅದೇ ತುರಿಕೆ, ಅದೇ ಉರಿ, ಅದೇ ವಾಸನೆ. ಹೆಚ್ಚಿನವರು ಹೆಸರು ಬರೆದಿಲ್ಲ. ಬರೆದವರೂ ಹಾಕಬೇಡಿ ಅಂದಿದ್ದಾರೆ. ಹಾಕಿಲ್ಲ. ಪತ್ರಗಳನ್ನು ಚಿಕ್ಕದು ಮಾಡಿ, ಗುರುತು ಸಿಗುವಂಥದ್ದನ್ನೆಲ್ಲ ತೆಗೆದಿದ್ದೇನೆ. ಉತ್ತರಗಳನ್ನು ಮಾತ್ರ ಬಿಚ್ಚಿಯೇ ಬರೆದಿದ್ದೇನೆ. ಈ ವಿಷಯವನ್ನು ಸುತ್ತಿ ಬಳಸಿ ಹೇಳಿದರೆ ಓದಿದವರಿಗೆ ಏನೂ ಸಿಗುವುದಿಲ್ಲ.

ಪ್ರಶ್ನೆ: ಮೇಡಂ, ನನಗೆ 31 ವರ್ಷ. ಒಂದು ವರ್ಷದಲ್ಲಿ ಐದು ಸಲ ಕೆಳಗೆ ವಿಪರೀತ ತುರಿಕೆ, ಒಡೆದ ಹಾಲಿನ ಥರ ಗಟ್ಟಿಯಾಗಿ ಬಿಳಿ ಹೋಗುವುದು. ಮೊದಲ ಸಲ ಡಾಕ್ಟರು ಬರೆದುಕೊಟ್ಟ ಚೀಟಿಯನ್ನೇ ಇಟ್ಟುಕೊಂಡು ಪ್ರತಿ ಸಲ ಅದೇ ಮಾತ್ರೆ ತರಿಸುತ್ತೇನೆ. ನಿನ್ನ ಗಂಡನಿಂದಲೇ ಬರ್ತಿರೋದು, ಅವರಿಗೂ ಕೊಡು ಅನ್ನುತ್ತಾಳೆ ಅಕ್ಕ. ಡಾಕ್ಟರು ಬೇಡ ಅಂದಿದ್ದರು. ಯಾರ ಮಾತು ಕೇಳಲಿ?

ಉತ್ತರ: ನಿಮಗಿರುವುದು ಫಂಗಸ್ಸೇ ಆಗಿದ್ದರೆ ಡಾಕ್ಟರು ಹೇಳಿದ್ದೇ ಸರಿ. ಆದರೆ ಅದು ಫಂಗಸ್ಸೇ ಹೌದಾ? ಐದು ಸಲದಲ್ಲಿ ಒಂದು ಸಲವಾದರೂ ಸ್ವಾಬ್ ತೆಗೆದು ನೋಡಿದ್ದಾರಾ? ನಿಮ್ಮ ಪತ್ರದಲ್ಲಿ ಆ ಮಾತು ಎಲ್ಲೂ ಇಲ್ಲ, ಅದಕ್ಕೇ ಕೇಳುತ್ತಿದ್ದೇನೆ.

ತುರಿಕೆ ಬಂತು, ಬಿಳಿ ಹೋಯಿತು ಅಂದರೆ ಫಂಗಸ್ ಅಂತ ನಾವೇ ತೀರ್ಮಾನ ಮಾಡಿಬಿಡುತ್ತೇವೆ. ಅಮೆರಿಕದ ವೈದ್ಯರು ಒಂದು ಕೆಲಸ ಮಾಡಿದರು, ಅದರ ವರದಿ 2002ರಲ್ಲಿ ಪ್ರಕಟವಾಯಿತು. ತಮಗೆ ಫಂಗಸ್ ಆಗಿದೆ ಎಂದುಕೊಂಡು ತಾವಾಗಿಯೇ ಔಷಧಿ ಕೊಂಡ 95 ಹೆಂಗಸರನ್ನು ಪರೀಕ್ಷೆ ಮಾಡಿದರು. ಬರೀ ಫಂಗಸ್ ಇದ್ದದ್ದು ಮೂವರಲ್ಲಿ ಒಬ್ಬರಿಗೆ ಮಾತ್ರ. ಉಳಿದವರಲ್ಲಿ ಕೆಲವರಿಗೆ ಬೇರೆ ಇನ್ಫೆಕ್ಷನ್, ಕೆಲವರಿಗೆ ಎರಡು ಮೂರು ಒಟ್ಟಿಗೆ, ಕೆಲವರಿಗೆ ಏನೂ ಇರಲಿಲ್ಲ. ತಪ್ಪು ರೋಗಕ್ಕೆ ಸರಿಯಾದ ಮಾತ್ರೆ ತಗೊಂಡರೂ ವಾಸಿ ಆಗುವುದಿಲ್ಲ ಅಲ್ವಾ.

ಈ ಪರೀಕ್ಷೆ ದೊಡ್ಡದೇನೂ ಅಲ್ಲ. ಹತ್ತಿ ಸುತ್ತಿದ ಕಡ್ಡಿಯಲ್ಲಿ ಸ್ವಲ್ಪ ಸ್ರಾವ ತೆಗೆದು ಗಾಜಿನ ಪಟ್ಟಿಗೆ ಒರೆಸಿ, ಒಂದು ಹನಿ ಉಪ್ಪುನೀರು ಬಿಟ್ಟು ಮೈಕ್ರೋಸ್ಕೋಪಿನ ಕೆಳಗೆ ಇಡುತ್ತೇವೆ. ಫಂಗಸ್ ಆದರೆ ದಾರದ ತುಣುಕು ಚೆಲ್ಲಿದ ಹಾಗೆ ಕಾಣುತ್ತದೆ, ಅಲ್ಲಲ್ಲಿ ಮೊಗ್ಗು ಒಡೆದ ಹಾಗೆ ಸಣ್ಣ ಗುಂಡುಗಳು. ಬ್ಯಾಕ್ಟೀರಿಯದ ತೊಂದರೆ ಆದರೆ ಚರ್ಮದ ಜೀವಕೋಶಗಳ ಅಂಚೇ ಕಾಣುವುದಿಲ್ಲ, ಮೇಲೆಲ್ಲ ಪುಡಿ ಉದುರಿಸಿದ ಹಾಗೆ ಬ್ಯಾಕ್ಟೀರಿಯ ಅಂಟಿಕೊಂಡಿರುತ್ತದೆ. ಟ್ರೈಕೊಮೊನಾಸ್ ಎಂಬ ಪರಾವಲಂಬಿ ಇದ್ದರೆ ಅದು ಕಣ್ಣೆದುರೇ ಎಗರಿ ಎಗರಿ ಈಜುತ್ತಿರುತ್ತದೆ. ಮೂರಕ್ಕೂ ಮದ್ದು ಬೇರೆ. ಜೊತೆಗಾರರಿಗೂ ಮದ್ದು ಬೇಕಾ ಬೇಡವಾ ಅನ್ನುವ ಪ್ರಶ್ನೆಗೆ ಉತ್ತರವೂ ಬೇರೆ. ಅದಕ್ಕೇ ನಾನು ಹೆಸರು ಗೊತ್ತಾಗದೆ ಮದ್ದಿನ ಮಾತು ಆಡುವುದಿಲ್ಲ.

ಈಗ ಫಂಗಸ್ ಅಂತಲೇ ಇಟ್ಟುಕೊಳ್ಳೋಣ. ಕ್ಯಾಂಡಿಡ ಅಂತ ಅದರ ಹೆಸರು. ಅದು ಹೊರಗಿಂದ ಬಂದ ಶತ್ರು ಅಲ್ಲ. ಕರುಳಲ್ಲಿ, ಯೋನಿಯಲ್ಲಿ ಸ್ವಲ್ಪ ಮಟ್ಟಿಗೆ ತಾನಾಗಿಯೇ ಇರುತ್ತದೆ. ಜಗತ್ತಿನಲ್ಲಿ ಸುಮಾರು ನೂರಕ್ಕೆ 75 ಹೆಂಗಸರಿಗೆ ಒಮ್ಮೆಯಾದರೂ ಇದು ಕೆರಳಿ ತೊಂದರೆ ಕೊಡುತ್ತದೆ. ಗಂಡನಿಗೂ ಮಾತ್ರೆ ಕೊಟ್ಟರೆ ಹೆಂಡತಿಗೆ ಮತ್ತೆ ಬರುವುದು ನಿಲ್ಲುತ್ತದಾ ಅಂತ ನೋಡಿದ್ದಾರೆ. ನಿಂತಿಲ್ಲ. ಹಾಗಾಗಿ ಅವರಿಗೆ ಸುಮ್ನೆ ಮಾತ್ರೆ ನುಂಗಿಸಬೇಡಿ. ಒಂದು ಸಂದರ್ಭ ಮಾತ್ರ ಬೇರೆ. ನಿಮ್ಮ ಜೊತೆ ಸೇರಿದ ಮೇಲೆ ಅವರ ಶಿಶ್ನದ ತುದಿ ಕೆಂಪಾಗಿ ಉರಿಯುತ್ತಿದ್ದರೆ, ಮುಂದೊಗಲು ಹಿಂದೆ ಸರಿಸಿದಾಗ ಬಿಳಿ ಪೊರೆಯಂಥದ್ದು ಕಂಡರೆ, ಅವರಿಗೂ ಮುಲಾಮು ಬೇಕು. ಮುಂದೊಗಲು ಹಿಂದೆ ಬರದಷ್ಟು ಬಿಗಿ ಆಗಿದ್ದರೆ, ಅಥವಾ ಚರ್ಮ ಮತ್ತೆ ಮತ್ತೆ ಸೀಳುತ್ತಿದ್ದರೆ, ಸಕ್ಕರೆ ಕಾಯಿಲೆ ಇದೆಯಾ ನೋಡಲೇಬೇಕು. ಎಷ್ಟೋ ಗಂಡಸರಿಗೆ ಸಕ್ಕರೆ ಕಾಯಿಲೆ ಗೊತ್ತಾಗಿರುವುದೇ ಹೀಗೆ.

ನಿಮಗೆ ಐದು ಸಲ ಬಂದಿದೆ. ವರ್ಷಕ್ಕೆ ಮೂರು ಅಥವಾ ಹೆಚ್ಚು ಸಲ ಬಂದರೆ ಅದನ್ನು ಮರುಕಳಿಸುವ ಫಂಗಸ್ ಅನ್ನುತ್ತೇವೆ, ಅದಕ್ಕೆ ಒಂದು ಮಾತ್ರೆ ಸಾಕಾಗುವುದಿಲ್ಲ. ಸಾಮಾನ್ಯವಾಗಿ ಫ್ಲುಕೊನಜೋಲ್ ಅನ್ನು ಮೊದಲ ದಿನ, ನಾಲ್ಕನೇ ದಿನ, ಏಳನೇ ದಿನ ಕೊಟ್ಟು, ಆಮೇಲೆ ವಾರಕ್ಕೊಂದರಂತೆ ಆರು ತಿಂಗಳು ಮುಂದುವರಿಸುತ್ತೇವೆ. ಗರ್ಭಿಣಿ ಆಗಿದ್ದರೆ, ಅಥವಾ ಆಗುವ ಯೋಚನೆ ಇದ್ದರೆ, ಈ ಮಾತ್ರೆ ಬೇಡ. ಒಳಗೆ ಇಡುವ ಮದ್ದೇ ಏಳು ದಿನ. ಕ್ಯಾಂಡಿಡ ಗ್ಲಾಬ್ರಾಟ ಅಂತ ಒಂದು ಜಾತಿ ಇದೆ, ಅದು ಫ್ಲುಕೊನಜೋಲ್‌ಗೆ ಸರಿಯಾಗಿ ಬಗ್ಗುವುದಿಲ್ಲ. ಆದ್ದರಿಂದ ಕಲ್ಚರ್ ಮಾಡಿಸಿ ಅಂತ ನೀವೇ ಕೇಳಿ, ಅಂದರೆ ಸ್ರಾವವನ್ನು ಲ್ಯಾಬಿನಲ್ಲಿ ಬೆಳೆಸಿ ಯಾವ ಜಾತಿ ಅಂತ ನೋಡುವ ಪರೀಕ್ಷೆ.

ಇನ್ನೊಂದು ವಿಷಯ ಕೇಳಲೇಬೇಕು. ಈ ವರ್ಷ ಬೇರೆ ಯಾವುದಕ್ಕಾದರೂ ಆಂಟಿಬಯಾಟಿಕ್ ಜಾಸ್ತಿ ತಗೊಂಡಿದ್ದೀರಾ? ಸಕ್ಕರೆ ಕಾಯಿಲೆಗೆ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಥರದ ಮಾತ್ರೆ ನಡೆಯುತ್ತಿದೆಯಾ? ಅವು ಸಕ್ಕರೆಯನ್ನು ಮೂತ್ರದ ಮೂಲಕ ಹೊರಗೆ ಹಾಕುತ್ತವೆ. ಆ ಸಿಹಿ ನೀರು ತಾಗುವ ಜಾಗದಲ್ಲಿ ಫಂಗಸ್ಸಿಗೆ ಹಬ್ಬ. ಗಂಡ ಹೆಂಡತಿ ಇಬ್ಬರೂ ಆ ಮಾತ್ರೆ ತಿನ್ನುತ್ತಿದ್ದರೆ ಇಬ್ಬರಿಗೂ ಒಟ್ಟಿಗೆ ತುರಿಕೆ ಬರುತ್ತದೆ, ಆಗ ಒಬ್ಬರಿಂದ ಒಬ್ಬರಿಗೆ ಅಂಟಿತು ಅಂತ ತಪ್ಪು ತಿಳಿಯುತ್ತಾರೆ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಬರೆದುಕೊಟ್ಟ ಡಾಕ್ಟರಿಗೆ ಹೇಳಿ.

ಪ್ರಶ್ನೆ: ನನ್ನ ಹೆಂಡತಿಗೆ ಟ್ರೈಕೊಮೊನಾಸ್ ಅಂತ ರಿಪೋರ್ಟ್ ಬಂದಿದೆ. ಅವಳ ಜೊತೆ ನನಗೂ ಮಾತ್ರೆ ಬರೆದಿದ್ದಾರೆ. ನನಗೆ ಉರಿ ಇಲ್ಲ, ತುರಿಕೆ ಇಲ್ಲ, ಏನೂ ಇಲ್ಲ. ಆರೋಗ್ಯವಾಗಿರುವವನು ಮಾತ್ರೆ ಯಾಕೆ ತಿನ್ನಬೇಕು?

ಉತ್ತರ: ತಿನ್ನಲೇಬೇಕು. ದಯವಿಟ್ಟು ಇವತ್ತೇ ತಗೊಳ್ಳಿ, ಆಮೇಲೆ ಮುಂದಿನದು ಓದಿ.

ಮೇಲಿನ ಪತ್ರಕ್ಕೆ ಗಂಡನಿಗೆ ಬೇಡ ಅಂದೆ, ಇಲ್ಲಿ ಬೇಕೇ ಬೇಕು ಅನ್ನುತ್ತಿದ್ದೇನೆ. ವ್ಯತ್ಯಾಸ ಕ್ರಿಮಿಯಲ್ಲಿದೆ. ಟ್ರೈಕೊಮೊನಾಸ್ ಸೇರುವುದರಿಂದಲೇ ದಾಟುವಂಥದ್ದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 2020ರಲ್ಲಿ ಜಗತ್ತಿನಲ್ಲಿ 15.6 ಕೋಟಿ ಜನರಿಗೆ ಹೊಸದಾಗಿ ಬಂದಿದೆ. ಇದು ಬಂದವರಲ್ಲಿ ಹೆಚ್ಚಿನವರಿಗೆ ಯಾವ ಲಕ್ಷಣವೂ ಇರುವುದಿಲ್ಲ, ಗಂಡಸರಲ್ಲಂತೂ ಲಕ್ಷಣ ಕಾಣುವುದು ಇನ್ನೂ ಕಡಿಮೆ. ಮೂತ್ರನಾಳದಲ್ಲಿ, ಒಳಗಿನ ಪ್ರಾಸ್ಟೇಟ್ ಗ್ರಂಥಿಯಲ್ಲಿ ಸದ್ದಿಲ್ಲದೆ ಕೂತಿರುತ್ತದೆ. ಹೆಂಡತಿ ಏಳು ದಿನ ಮಾತ್ರೆ ತಿಂದು ವಾಸಿಯಾಗುತ್ತಾಳೆ, ಎಂಟನೇ ದಿನವೋ ಹತ್ತನೇ ದಿನವೋ ನೀವು ಸೇರುತ್ತೀರಿ, ನಿಮ್ಮಲ್ಲಿ ಉಳಿದದ್ದು ವಾಪಸ್ ಅವಳಿಗೆ ಹೋಗುತ್ತದೆ, ಅವಳು ಮತ್ತೆ ಡಾಕ್ಟರ ಹತ್ತಿರ ಓಡುತ್ತಾಳೆ, ಈ ಮದ್ದು ನನಗೆ ಹಿಡಿಯುತ್ತಿಲ್ಲ ಅಂತ ಅಳುತ್ತಾಳೆ. ಮದ್ದು ಹಿಡಿದಿರುತ್ತದೆ. ಅರ್ಧ ಮನೆಗೆ ಮಾತ್ರ ಹಿಡಿದಿರುತ್ತದೆ.

ಒಬ್ಬ ಹೆಂಗಸು ಮೂರನೇ ಸಲ ನನ್ನ ಹತ್ತಿರ ಬಂದಿದ್ದರು. ಯಜಮಾನರು ಮಾತ್ರೆ ತಗೊಂಡರಾ ಅಂತ ಕೇಳಿದೆ. ಅವರು ಮಾತಾಡದೆ ಬ್ಯಾಗಿನ ಜಿಪ್ ಎಳೆದು ಒಂದು ಕವರ್ ತೆಗೆದು ಮೇಜಿನ ಮೇಲಿಟ್ಟರು. ಎರಡು ತಿಂಗಳ ಹಿಂದೆ ನಾನು ಬರೆದುಕೊಟ್ಟ ಮಾತ್ರೆಗಳು ಹಾಗೇ ಇದ್ದವು, ಮೂಲೆಗಳು ಬ್ಯಾಗಿನಲ್ಲಿ ಉಜ್ಜಿ ಸವೆದಿದ್ದವು, ಒಂದೂ ಒಡೆದಿರಲಿಲ್ಲ. ಮುಂದಿನ ಸಲ ಇಬ್ಬರೂ ಬಂದರು. ಯಜಮಾನರು ಕುರ್ಚಿಯ ತುದಿಯಲ್ಲಿ ಕೂತಿದ್ದರು. ಹೆಂಡತಿಯನ್ನು ಕೇಳಿ, ಅವರು ಆಗಬಹುದು ಅಂದ ಮೇಲೆ, ಅವತ್ತಿನ ಸ್ಲೈಡನ್ನು ಮೈಕ್ರೋಸ್ಕೋಪಿನಲ್ಲಿ ತೋರಿಸಿದೆ. ತುಂಬ ಹೊತ್ತು ಕಣ್ಣಿಟ್ಟು ನೋಡಿದರು. ಇದು ನನ್ನೊಳಗೂ ಇದೆಯಾ ಡಾಕ್ಟ್ರೇ ಅಂದರು. ಇರುವ ಸಾಧ್ಯತೆ ಜಾಸ್ತಿ ಅಂದೆ. ನನ್ನ ಮೇಜಿನ ಮೇಲಿದ್ದ ನೀರಿನಲ್ಲೇ ಮಾತ್ರೆ ನುಂಗಿದರು. ಆ ಹೆಂಗಸು ಆ ತೊಂದರೆಗೆ ಮತ್ತೆ ಬರಲಿಲ್ಲ.

ಇದಕ್ಕೆ ಕೊಡುವ ಮಾತ್ರೆ ಮೆಟ್ರೊನಿಡಜೋಲ್. ಸಾಮಾನ್ಯವಾಗಿ ಹೆಂಗಸರಿಗೆ ಏಳು ದಿನ, ಗಂಡಸರಿಗೆ ಒಂದೇ ಸಲಕ್ಕೆ 2 ಗ್ರಾಂ ಕೊಡುತ್ತಾರೆ. ಬಾಯಲ್ಲಿ ಕಬ್ಬಿಣ ಕಚ್ಚಿದ ಹಾಗೆ ರುಚಿ ಬರುತ್ತದೆ, ಸ್ವಲ್ಪ ವಾಕರಿಕೆ ಆಗಬಹುದು. ಅದಕ್ಕೆ ಹೆದರಿ ಬಿಡಬೇಡಿ. ಇಬ್ಬರ ಮದ್ದೂ ಮುಗಿದು, ತೊಂದರೆ ಪೂರ್ತಿ ಹೋಗುವವರೆಗೆ ಸೇರುವುದು ಬೇಡ. ಒಂದೇ ಸಲ ನುಂಗಿದವರು ಆಮೇಲೆ ಒಂದು ವಾರ ಕಾಯುವುದು ಒಳ್ಳೆಯದು. ಮೂರು ತಿಂಗಳಾದ ಮೇಲೆ ನಿಮ್ಮ ಹೆಂಡತಿಗೆ ಮತ್ತೆ ಪರೀಕ್ಷೆ ಮಾಡಿಸಿ, ಏನೂ ತೊಂದರೆ ಇಲ್ಲದಿದ್ದರೂ ಸರಿ. ಗರ್ಭಿಣಿಯರಲ್ಲಿ ಈ ಇನ್ಫೆಕ್ಷನ್ ಇದ್ದರೆ ದಿನ ತುಂಬುವ ಮೊದಲೇ ಹೆರಿಗೆ ಆಗುವುದು ಹೆಚ್ಚು ಕಂಡುಬಂದಿದೆ. ಎಚ್‌ಐವಿ ಅಂಟುವ ಸಾಧ್ಯತೆಯನ್ನೂ ಇದು ಹೆಚ್ಚಿಸುತ್ತದೆ. ತುರಿಕೆ ಅಷ್ಟೇ ಅಂತ ಬಿಡುವ ಹಾಗಿಲ್ಲ.

ಪ್ರಶ್ನೆ: ಬಿಳಿ ನೀರಾಗಿ ಹೋಗುತ್ತದೆ. ತುರಿಕೆ ಇಲ್ಲ, ಆದರೆ ಹಳಸಿದ ಮೀನಿನಂಥ ವಾಸನೆ. ಸೇರಿದ ಮೇಲೆ, ಮುಟ್ಟಿನ ಸಮಯದಲ್ಲಿ ಇನ್ನೂ ಜಾಸ್ತಿ. ನಾಲ್ಕು ಸಲ ಕೋರ್ಸ್ ಮುಗಿಸಿದ್ದೇನೆ, ನಾಲ್ಕು ಸಲವೂ ವಾಪಸ್. ನನಗೆ ನನ್ನ ಮೇಲೇ ಅಸಹ್ಯ ಆಗುತ್ತಿದೆ.

ಉತ್ತರ: ನಿಮ್ಮ ಕೊನೆಯ ಸಾಲು ಓದಿ ನನಗೆ ಸಂಕಟವಾಯಿತು. ನೀವು ಕೊಳಕಾಗಿಲ್ಲ. ಇದು ಸ್ವಚ್ಛತೆಯ ತೊಂದರೆಯೇ ಅಲ್ಲ.

ಯೋನಿಯೊಳಗೆ ಲ್ಯಾಕ್ಟೋಬ್ಯಾಸಿಲಸ್ ಎಂಬ ಒಳ್ಳೆಯ ಬ್ಯಾಕ್ಟೀರಿಯ ಇರುತ್ತವೆ. ಅವು ಆಮ್ಲ ತಯಾರಿಸಿ ಆ ಜಾಗವನ್ನು ಕಾಯುತ್ತವೆ. ಆಮ್ಲ ಅಳೆಯುವ ಪಿಎಚ್ ಅಳತೆಯಲ್ಲಿ 4.5ರ ಒಳಗೆ ಇರಬೇಕು, ಅಂಕಿ ಕಡಿಮೆ ಇದ್ದಷ್ಟೂ ಆಮ್ಲ ಜಾಸ್ತಿ. ಆ ಕಾವಲು ಕಡಿಮೆಯಾದಾಗ ಬೇರೆ ಹಲವು ಬ್ಯಾಕ್ಟೀರಿಯ ಒಟ್ಟಿಗೆ ಬೆಳೆದು, ಒಳಗೋಡೆಗೆ ಲೋಳೆಯಂತೆ ಅಂಟಿಕೊಳ್ಳುತ್ತವೆ. ಇದಕ್ಕೆ ಬ್ಯಾಕ್ಟೀರಿಯಲ್ ವಜೈನೋಸಿಸ್ ಅನ್ನುತ್ತಾರೆ. ವೀರ್ಯವೂ ಮುಟ್ಟಿನ ರಕ್ತವೂ ಆ ಆಮ್ಲವನ್ನು ಇನ್ನಷ್ಟು ತಗ್ಗಿಸುವುದರಿಂದ ಆಗ ವಾಸನೆ ಜಾಸ್ತಿ. ಮದ್ದು ತಗೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ವರ್ಷದೊಳಗೆ ಮತ್ತೆ ಬರುತ್ತದೆ. ನೀವೊಬ್ಬರೇ ಅಲ್ಲ.

ಇಷ್ಟು ವರ್ಷ ನಾವು ಡಾಕ್ಟರುಗಳು ಗಂಡನಿಗೆ ಮದ್ದು ಬೇಡ ಅನ್ನುತ್ತಿದ್ದೆವು. ನಾನೂ ಅಂದಿದ್ದೇನೆ. ಹಿಂದೆ ಗಂಡಸರಿಗೆ ಬರೀ ಮಾತ್ರೆ ಕೊಟ್ಟು ನೋಡಿದಾಗ ಹೆಂಗಸರಿಗೆ ಉಪಯೋಗ ಆಗಿರಲಿಲ್ಲ, ಅದಕ್ಕೆ. 2025ರ ಮಾರ್ಚ್‌ನಲ್ಲಿ ಆಸ್ಟ್ರೇಲಿಯದ ಒಂದು ಅಧ್ಯಯನ ಪ್ರಕಟವಾಯಿತು, ಅದು ಈ ಮಾತನ್ನು ಬದಲಿಸಿತು. 164 ಜೋಡಿಗಳು. ಎಲ್ಲ ಹೆಂಗಸರಿಗೂ ಮದ್ದು ಕೊಟ್ಟರು. ಅರ್ಧ ಜೋಡಿಗಳಲ್ಲಿ ಗಂಡಸಿಗೂ ಏಳು ದಿನ ಮೆಟ್ರೊನಿಡಜೋಲ್ ಮಾತ್ರೆ, ಅದರ ಜೊತೆಗೆ ಶಿಶ್ನದ ಚರ್ಮಕ್ಕೆ ದಿನಕ್ಕೆರಡು ಸಲ ಹಚ್ಚಲು 2 ಶೇಕಡಾ ಕ್ಲಿಂಡಮೈಸಿನ್ ಕ್ರೀಮ್. ಹನ್ನೆರಡು ವಾರದೊಳಗೆ ಹೆಂಗಸಿಗೆ ಮಾತ್ರ ಮದ್ದು ಕೊಟ್ಟ ಕಡೆ ನೂರಕ್ಕೆ 63 ಮಂದಿಗೆ ಮತ್ತೆ ಬಂತು. ಇಬ್ಬರಿಗೂ ಕೊಟ್ಟ ಕಡೆ 35 ಮಂದಿಗೆ. ವ್ಯತ್ಯಾಸ ಎಷ್ಟು ಸ್ಪಷ್ಟವಾಗಿತ್ತೆಂದರೆ ಅಧ್ಯಯನವನ್ನು ಮಧ್ಯದಲ್ಲೇ ನಿಲ್ಲಿಸಿದರು. ಬ್ಯಾಕ್ಟೀರಿಯ ಮುಂದೊಗಲಿನ ಚರ್ಮದ ಮೇಲೂ ಮೂತ್ರನಾಳದಲ್ಲೂ ಇರುತ್ತವೆ, ಹಾಗಾಗಿ ಹಚ್ಚುವುದೂ ನುಂಗುವುದೂ ಎರಡೂ ಬೇಕಾಯಿತು.

ನಿಮ್ಮ ಡಾಕ್ಟರ ಬಳಿ ಈ ಮಾತು ಎತ್ತಿ. ಯಜಮಾನರಿಗೂ ಮಾತ್ರೆ ಮತ್ತು ಕ್ರೀಮ್ ಕೊಡಬಹುದಾ ಅಂತ ನೇರವಾಗಿ ಕೇಳಿ, ಸಂಕೋಚ ಬೇಡ. ಆ ಏಳು ದಿನ ಸೇರುವುದು ಬೇಡ. ಕ್ಲಿಂಡಮೈಸಿನ್ ಕ್ರೀಮಿನಲ್ಲಿ ಎಣ್ಣೆ ಅಂಶ ಇರುತ್ತದೆ, ಅದು ರಬ್ಬರ್ ಕಾಂಡೋಮನ್ನು ಸಡಿಲ ಮಾಡುತ್ತದೆ. ಕ್ರೀಮ್ ಮುಗಿದ ಮೇಲೂ ಐದು ದಿನ ಕಾಂಡೋಮನ್ನು ನಂಬಬೇಡಿ.

ಪ್ರಶ್ನೆ: ನಾವು ಇಬ್ಬರೂ ಹೆಂಗಸರು, ಜೊತೆಯಾಗಿ ಇದ್ದೇವೆ. ನಮ್ಮ ನಡುವೆಯೂ ಇಂಥದ್ದು ದಾಟುತ್ತದಾ? ಡಾಕ್ಟರ ಹತ್ತಿರ ಕೇಳಲು ಧೈರ್ಯ ಸಾಲಲಿಲ್ಲ.

ಉತ್ತರ: ದಾಟುತ್ತದೆ. ಮೇಲೆ ಹೇಳಿದ ವಾಸನೆಯ ತೊಂದರೆ ಒಬ್ಬರಿಗೆ ಇದ್ದರೆ ಇನ್ನೊಬ್ಬರಿಗೂ ಇರುವುದು ಹೆಂಗಸರ ಜೋಡಿಗಳಲ್ಲಿ ಸಾಮಾನ್ಯ. ಟ್ರೈಕೊಮೊನಾಸ್, ನೀರ್ಗುಳ್ಳೆ ಎಬ್ಬಿಸುವ ಹರ್ಪಿಸ್ ವೈರಸ್ ಕೂಡ ದಾಟಬಹುದು. ಒಬ್ಬರಿಗೆ ಬಂದಾಗ ಇನ್ನೊಬ್ಬರೂ ಪರೀಕ್ಷೆ ಮಾಡಿಸಿಕೊಳ್ಳಿ. ಬೆರಳು, ಸಾಧನ ಏನೇ ಬಳಸಿದರೂ ಒಬ್ಬರಿಂದ ಇನ್ನೊಬ್ಬರಿಗೆ ಹೋಗುವ ಮೊದಲು ತೊಳೆಯಿರಿ, ಸಾಧನಕ್ಕೆ ಹೊಸ ಕಾಂಡೋಮ್ ಹಾಕಿ. ಡಾಕ್ಟರ ಹತ್ತಿರ "ನನ್ನ ಜೊತೆಗಾತಿ ಹೆಂಗಸು" ಅಂತ ಒಂದೇ ಸಾಲು ಹೇಳಿದರೆ ಸಾಕು. ಅದನ್ನು ಕೇಳಿ ಮುಖ ಸಿಂಡರಿಸುವವರ ಹತ್ತಿರ ಎರಡನೇ ಸಲ ಹೋಗಬೇಡಿ. ಸರಿಯಾಗಿ ಕೇಳಿಸಿಕೊಳ್ಳುವ ವೈದ್ಯರು ಇದ್ದಾರೆ.

ಪ್ರಶ್ನೆ: ಒಳಗೆ ತೊಳೆಯಲು ಯಾವ ಸೋಪು, ಯಾವ ವಾಶ್ ಒಳ್ಳೆಯದು?

ಉತ್ತರ: ಯಾವುದೂ ಬೇಡ. ಒಳಗೆ ತೊಳೆಯಲೇಬಾರದು. ಹೊರಗೆ ಬರೀ ನೀರು ಸಾಕು. ಒಳಗೆ ನೀರು, ಸೋಪು, ಡೆಟಾಲ್ ಹಾಕಿದರೆ ಕಾವಲಿಗಿರುವ ಬ್ಯಾಕ್ಟೀರಿಯವೇ ಕೊಚ್ಚಿಹೋಗುತ್ತವೆ. ಗಂಡಸರಿಗೂ ಒಂದು ಮಾತು: ದಿನವೂ ಮುಂದೊಗಲು ಸರಿಸಿ ನೀರಲ್ಲಿ ತೊಳೆದು, ಒಣಗಿಸಿ, ಮತ್ತೆ ಮುಂದಕ್ಕೆ ಸರಿಸಿ. ತುರಿಕೆ ಇದೆ ಅಂತ ಸೋಪು ಹಾಕಿ ಉಜ್ಜುವವರೇ ಹೆಚ್ಚು, ಆ ಉಜ್ಜುವಿಕೆಯೇ ಉರಿಗೆ ಕಾರಣವಾಗಿರುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಪ್ರಶ್ನೆ: ಮದುವೆಯಾಗಿ 14 ತಿಂಗಳು. ಮಕ್ಕಳಾಗಿಲ್ಲ ಅಂತ ಪರೀಕ್ಷೆ ಮಾಡಿಸಿದಾಗ ಹೆಂಡತಿಗೆ ಕ್ಲಮೀಡಿಯ ಅಂತ ಬಂತು. ನನ್ನದು ನೆಗೆಟಿವ್. ಅಂದರೆ ಅವಳು ಬೇರೆಯವರ ಜೊತೆ ಹೋಗಿದ್ದಾಳೆ ಅಂತ ತಾನೇ? ಮೂರು ದಿನದಿಂದ ನಾವು ಮಾತಾಡಿಲ್ಲ.

ಉತ್ತರ: ಇಲ್ಲ, ರಿಪೋರ್ಟ್ ಹಾಗೆ ಹೇಳುವುದಿಲ್ಲ. ಅದು ಹೇಳುವುದು ಒಂದೇ ಮಾತು: ಇವತ್ತು ಇವರ ದೇಹದಲ್ಲಿ ಕ್ಲಮೀಡಿಯ ಎಂಬ ಬ್ಯಾಕ್ಟೀರಿಯ ಇದೆ. ಯಾವಾಗ ಬಂತು, ಯಾರಿಂದ ಬಂತು ಎಂದು ಯಾವ ಲ್ಯಾಬೂ ಹೇಳಲಾರದು.

ನಾನು ಸುಳ್ಳು ಸಮಾಧಾನ ಹೇಳುವುದಿಲ್ಲ. ಕ್ಲಮೀಡಿಯ ಟಾಯ್ಲೆಟ್ಟಿನಿಂದ, ಟವೆಲಿನಿಂದ ಬರುವುದಿಲ್ಲ, ದೊಡ್ಡವರಿಗೆ ಸೇರುವುದರಿಂದಲೇ ಬರುತ್ತದೆ. ಆದರೆ ಅದು ಯಾವ ಲಕ್ಷಣವೂ ಇಲ್ಲದೆ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷ ದಾಟಿಯೂ ಇರಬಲ್ಲದು. ನಿಮ್ಮ ಮದುವೆಗೆ ಮೊದಲೇ ಇಬ್ಬರಲ್ಲಿ ಒಬ್ಬರಿಗೆ ಬಂದಿರಬಹುದು. ಇಬ್ಬರಲ್ಲಿ ಒಬ್ಬರಿಗೆ ಅನ್ನುವುದನ್ನು ದಯವಿಟ್ಟು ಇನ್ನೊಮ್ಮೆ ಓದಿ. ನಿಮ್ಮಿಂದ ಅವರಿಗೆ ಹೋಗಿ, ಆಮೇಲೆ ನಿಮ್ಮದು ತಾನಾಗಿಯೇ ಹೋಗಿರಬಹುದು. ಮೊಡವೆಗೋ ಕೆಮ್ಮಿಗೋ ಡಾಕ್ಸಿಸೈಕ್ಲಿನ್, ಅಜಿತ್ರೋಮೈಸಿನ್ ತಿಂದಿದ್ದೀರಾ ಈ ನಡುವೆ? ಅವೇ ಕ್ಲಮೀಡಿಯಕ್ಕೂ ಮದ್ದು. ನಿಮಗೆ ಗೊತ್ತಿಲ್ಲದೆಯೇ ನಿಮ್ಮದು ವಾಸಿಯಾಗಿ, ಅವರದು ಮಾತ್ರ ಉಳಿದಿರಬಹುದು. ಅಥವಾ ಅವರಲ್ಲಿದ್ದದ್ದು ನಿಮಗೆ ದಾಟದೆಯೇ ಇರಬಹುದು. ಪ್ರತಿ ಸಲವೂ ದಾಟಲೇಬೇಕು ಅಂತಿಲ್ಲ.

2020ರಲ್ಲಿ ಜಗತ್ತಿನಲ್ಲಿ ಕ್ಲಮೀಡಿಯ, ಗೊನೋರಿಯ, ಸಿಫಿಲಿಸ್, ಟ್ರೈಕೊಮೊನಾಸ್ ನಾಲ್ಕೂ ಸೇರಿ 37.4 ಕೋಟಿ ಹೊಸ ಇನ್ಫೆಕ್ಷನ್ ಆಗಿವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ದಿನಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು. ಅಷ್ಟು ಮನೆಗಳಲ್ಲಿ ನಿಮ್ಮದೂ ಒಂದು. ನಾಲ್ಕೂ ಮದ್ದಿಗೆ ವಾಸಿಯಾಗುವಂಥವು.

ಈಗ ಮಾಡಬೇಕಾದ್ದು: ನಿಮ್ಮದು ನೆಗೆಟಿವ್ ಇದ್ದರೂ ಇಬ್ಬರೂ ಒಂದೇ ದಿನ ಮದ್ದು ಶುರು ಮಾಡಿ. ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ದಿನಕ್ಕೆರಡು ಸಲ ಏಳು ದಿನ. ತುಂಬ ನೀರಿನ ಜೊತೆ ನುಂಗಿ, ನುಂಗಿದ ಕೂಡಲೇ ಮಲಗಬೇಡಿ, ಗಂಟಲಲ್ಲಿ ಸಿಕ್ಕಿಕೊಂಡರೆ ಹುಣ್ಣಾಗುತ್ತದೆ. ಹೆಂಡತಿ ಗರ್ಭಿಣಿ ಇರಬಹುದು ಅನ್ನಿಸಿದರೆ ಮೊದಲೇ ಹೇಳಿ, ಬೇರೆ ಮದ್ದು ಕೊಡುತ್ತಾರೆ. ಮದ್ದು ಮುಗಿಯುವವರೆಗೆ ಸೇರಬೇಡಿ. ಮೂರು ತಿಂಗಳಿಗೆ ಇಬ್ಬರೂ ಮತ್ತೆ ಪರೀಕ್ಷೆ ಮಾಡಿಸಿ. ಗೊನೋರಿಯ, ಸಿಫಿಲಿಸ್, ಎಚ್‌ಐವಿ ಪರೀಕ್ಷೆಯನ್ನೂ ಈಗಲೇ ಮಾಡಿಸಿಬಿಡಿ. ಕ್ಲಮೀಡಿಯ ಗರ್ಭನಾಳಕ್ಕೆ ಏರಿ ಅದನ್ನು ಮುಚ್ಚಿಬಿಡಬಲ್ಲದು. ಮಗು ಬೇಕು ಎಂದಿದ್ದೀರಿ. ಜಗಳದಲ್ಲಿ ಕಳೆಯುವ ಪ್ರತಿ ವಾರವೂ ಅದು ಒಳಗೆ ತನ್ನ ಕೆಲಸ ಮಾಡುತ್ತಲೇ ಇರುತ್ತದೆ.

ಇದೇ ಪ್ರಶ್ನೆಯ ಇನ್ನೊಂದು ಮುಖದ ಪತ್ರವೂ ಬಂದಿದೆ. ಬರೆದ ಹೆಂಗಸಿಗೆ ಗಂಡನಿಗೆ ಹೇಳಿದರೆ ಹೊಡೆತ ಬೀಳುವ ಭಯ. ಅವರಿಗೆ ನಾನು ಹೇಳುವುದು, ಮೊದಲು ನಿಮ್ಮ ಡಾಕ್ಟರಿಗೆ ಆ ಭಯದ ಮಾತನ್ನೇ ಹೇಳಿ. ಗಂಡನಿಗೆ ಮದ್ದು ಮುಟ್ಟಿಸುವ ದಾರಿ ಆಮೇಲೆ ಹುಡುಕಬಹುದು. ನಿಮ್ಮ ಜೀವ ಮುಖ್ಯ.

ಪ್ರಶ್ನೆ: ನನಗೂ ಹೆಂಡತಿಗೂ ನಾಲ್ಕು ತಿಂಗಳಿಂದ ತೊಡೆ ಸಂದಿಯಲ್ಲಿ, ಜನನಾಂಗದ ಮೇಲೆ ತುರಿಕೆ. ರಾತ್ರಿ ಹೊದಿಕೆಯೊಳಗೆ ಹೋದರೆ ತಡೆಯಲಾಗುವುದಿಲ್ಲ. ಅಂಡದ ಚೀಲದ ಮೇಲೆ ಕಡಲೆ ಗಾತ್ರದ ಗಂಟುಗಳಾಗಿವೆ. ಔಷಧಿ ಅಂಗಡಿಯಲ್ಲಿ ಕೊಟ್ಟ ಮುಲಾಮು ಹಚ್ಚಿದರೆ ಎರಡು ದಿನ ತಂಪು, ಮತ್ತೆ ಅದೇ. ಈಗ ಮಗನೂ ಕೈ ಬೆರಳ ಸಂದಿ ಕೆರೆದುಕೊಳ್ಳುತ್ತಿದ್ದಾನೆ.

ಉತ್ತರ: ನಿಮ್ಮ ಕೊನೆಯ ಸಾಲೇ ಉತ್ತರ ಕೊಟ್ಟಿತು. ಇದು ಬಹುಶಃ ಕಜ್ಜಿ. ರಾತ್ರಿ ಜಾಸ್ತಿಯಾಗುವ ತುರಿಕೆ, ಅಂಡದ ಮೇಲೆ ಗಂಟು, ಮನೆಯಲ್ಲಿ ಒಬ್ಬರಾದ ಮೇಲೆ ಒಬ್ಬರಿಗೆ. ಕಜ್ಜಿಯ ಹುಳ ಚರ್ಮ ಕೊರೆದು ಮೊಟ್ಟೆ ಇಡುತ್ತದೆ. ಚರ್ಮಕ್ಕೆ ಚರ್ಮ ತಾಗಿದರೆ ಸಾಕು, ದಾಟುತ್ತದೆ. ಒಟ್ಟಿಗೆ ಮಲಗುವ ಮಗುವಿಗೂ ಬರುತ್ತದೆ.

ನಿಮ್ಮ ಮುಲಾಮಿನ ಟ್ಯೂಬಿನ ಮೇಲೆ ಕ್ಲೋಬೆಟಾಸೋಲ್, ಬೀಟಾಮೆಥಾಸೋನ್ ಅಂತ ಇದೆಯಾ ನೋಡಿ. ಇದ್ದರೆ ಅದು ಸ್ಟೀರಾಯ್ಡ್. ತುರಿಕೆಯನ್ನು ಮಲಗಿಸುತ್ತದೆ, ಹುಳವನ್ನೂ ಫಂಗಸ್ಸನ್ನೂ ಬೆಳೆಯಲು ಬಿಡುತ್ತದೆ, ತೊಡೆ ಸಂದಿಯ ತೆಳು ಚರ್ಮದಲ್ಲಿ ವಾಸಿಯಾಗದ ಬಿರುಕು ಗೆರೆ ಮೂಡಿಸುತ್ತದೆ. ಇವತ್ತೇ ನಿಲ್ಲಿಸಿ.

ಡಾಕ್ಟರಿಗೆ ತೋರಿಸಿ. ಕಜ್ಜಿ ಅಂದರೆ 5 ಶೇಕಡಾ ಪರ್ಮೆಥ್ರಿನ್ ಕ್ರೀಮ್ ಕೊಡುತ್ತಾರೆ. ಮನೆಯಲ್ಲಿರುವ ಎಲ್ಲರೂ, ತುರಿಕೆ ಇಲ್ಲದವರೂ, ಒಂದೇ ರಾತ್ರಿ ಕತ್ತಿನಿಂದ ಪಾದದವರೆಗೆ ಹಚ್ಚಬೇಕು. ಬೆರಳ ಸಂದಿ, ಉಗುರಿನಡಿ, ಹೊಕ್ಕುಳು, ಜನನಾಂಗ ಯಾವುದನ್ನೂ ಬಿಡಬಾರದು. ಬೆಳಗ್ಗೆ ಸ್ನಾನ. ಒಂದು ವಾರಕ್ಕೆ ಮತ್ತೊಮ್ಮೆ. ಬಟ್ಟೆ, ಹೊದಿಕೆ ಬಿಸಿ ನೀರಲ್ಲಿ ಒಗೆಯಿರಿ. ಒಗೆಯಲಾಗದ್ದನ್ನು ಚೀಲದಲ್ಲಿ ಕಟ್ಟಿ ಕನಿಷ್ಠ ಮೂರು ದಿನ ಮುಟ್ಟದೆ ಇಡಿ. ಹುಳ ಸತ್ತ ಮೇಲೂ ಎರಡು ಮೂರು ವಾರ ತುರಿಕೆ ಇರುತ್ತದೆ, ಮದ್ದು ಕೆಲಸ ಮಾಡಲಿಲ್ಲ ಅಂತ ದಿನಾ ಹಚ್ಚಬೇಡಿ. ಎರಡು ವರ್ಷದೊಳಗಿನ ಮಕ್ಕಳಿಗೆ ಮಾತ್ರ ತಲೆ, ಮುಖಕ್ಕೂ ಹಚ್ಚಬೇಕೇ ಎಂದು ಕೇಳಿಕೊಳ್ಳಿ.

ಪ್ರಶ್ನೆ: ನನಗೆ ವರ್ಷಕ್ಕೆ ಐದಾರು ಸಲ ಶಿಶ್ನದ ಮೇಲೆ ಅದೇ ಜಾಗದಲ್ಲಿ ನೀರ್ಗುಳ್ಳೆ ಎದ್ದು ಒಡೆಯುತ್ತವೆ. ಹರ್ಪಿಸ್ ಅಂದಿದ್ದಾರೆ. ಹೆಂಡತಿಗೆ ಇಲ್ಲ. ನಮಗೆ ಮಗು ಬೇಕು. ಅವಳಿಗೆ ಅಂಟಿಸಿಬಿಡುತ್ತೇನಾ ಅಂತ ಹತ್ತಿರ ಹೋಗಲೂ ಹೆದರುತ್ತೇನೆ.

ಉತ್ತರ: ಮೊದಲಿಗೆ, ಇದು ಮತ್ತೆ ಮತ್ತೆ ಹೊರಗಿಂದ ಬರುತ್ತಿಲ್ಲ. ಒಮ್ಮೆ ಬಂದ ವೈರಸ್ ಬೆನ್ನಿನ ಕೆಳಗಿನ ನರದ ಗಂಟಿನಲ್ಲಿ ಅಡಗಿ ಕೂತು, ಆಗಾಗ ಎದ್ದು ಬರುತ್ತದೆ. ಪೂರ್ತಿ ಹೊರಹಾಕುವ ಮದ್ದು ಇನ್ನೂ ಇಲ್ಲ. ಆದರೆ ಹಿಡಿತದಲ್ಲಿ ಇಡುವ ಮದ್ದು ಚೆನ್ನಾಗಿದೆ. ವರ್ಷಗಳು ಕಳೆದಂತೆ ಏಳುವುದೂ ಕಡಿಮೆಯಾಗುತ್ತದೆ.

1484 ಜೋಡಿಗಳ ಮೇಲೆ ನಡೆದ ಒಂದು ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಒಬ್ಬರಿಗೆ ಹರ್ಪಿಸ್ ಇದೆ, ಇನ್ನೊಬ್ಬರಿಗೆ ಇಲ್ಲ, ನಿಮ್ಮ ಹಾಗೆಯೇ. ಇದ್ದವರು ದಿನಕ್ಕೊಂದು 500 ಮಿಲಿಗ್ರಾಂ ವ್ಯಾಲಸೈಕ್ಲೊವಿರ್ ತಗೊಂಡಾಗ ಇನ್ನೊಬ್ಬರಿಗೆ ದಾಟುವುದು ಸುಮಾರು ಅರ್ಧದಷ್ಟು ಕಡಿಮೆಯಾಯಿತು. ಇದರ ಜೊತೆ ಕಾಂಡೋಮ್ ಸೇರಿದರೆ ಇನ್ನೂ ಕಡಿಮೆ. ಗುಳ್ಳೆ ಏಳುವ ಮೊದಲು ಆ ಜಾಗದಲ್ಲಿ ಜುಮುಜುಮು, ಚುಳುಕು ಅನ್ನಿಸುತ್ತದಲ್ಲ, ಆಗಿನಿಂದ ಚರ್ಮ ಪೂರ್ತಿ ಒಣಗುವವರೆಗೆ ಸೇರಬೇಡಿ. ಗುಳ್ಳೆ ಇಲ್ಲದ ದಿನವೂ ವೈರಸ್ ಸ್ವಲ್ಪ ಹೊರಬರುವುದುಂಟು, ಅದಕ್ಕೇ ದಿನದ ಮಾತ್ರೆ ಬೇಕಾಗುವುದು.

ಮಗುವಿನ ವಿಷಯ. ಮೊದಲು ಹೆಂಡತಿಗೆ ರಕ್ತ ಪರೀಕ್ಷೆ ಮಾಡಿಸುವ ಬಗ್ಗೆ ಡಾಕ್ಟರ ಜೊತೆ ಮಾತಾಡಿ. ಎಷ್ಟೋ ಜನರಿಗೆ ತಮಗೂ ಇದೆ ಅಂತ ಗೊತ್ತೇ ಇರುವುದಿಲ್ಲ. ಅವರಿಗೆ ಇಲ್ಲದಿದ್ದರೆ, ಗರ್ಭ ನಿಂತ ಮೇಲೆ ಕೊನೆಯ ಮೂರು ತಿಂಗಳು ಸೇರುವುದು ಬೇಡವೇ ಬೇಡ, ಬಾಯಿಯಿಂದಲೂ ಬೇಡ. ಆ ಹೊತ್ತಿಗೆ ಅವರಿಗೆ ಹೊಸದಾಗಿ ಬಂದರೆ ಹೆರಿಗೆಯಲ್ಲಿ ಮಗುವಿಗೆ ತಗಲುವ ಅಪಾಯ ದೊಡ್ಡದು. ಹೆರಿಗೆ ಮಾಡಿಸುವ ಡಾಕ್ಟರಿಗೆ ಮೊದಲ ಭೇಟಿಯಲ್ಲೇ ಈ ಮಾತು ಹೇಳಿಬಿಡಿ. ಇಷ್ಟು ಎಚ್ಚರ ವಹಿಸಿ ಆರೋಗ್ಯವಂತ ಮಕ್ಕಳನ್ನು ಪಡೆದ ಜೋಡಿಗಳನ್ನು ನಾನು ನೋಡಿದ್ದೇನೆ. ಹತ್ತಿರ ಹೋಗಲು ಹೆದರಬೇಡಿ.

ಪ್ರಶ್ನೆ: ಎಲ್ಲ ಸರಿ ಮೇಡಂ, ಅವರಿಗೆ ಹೇಳುವುದು ಹೇಗೆ? ಬಾಯಿ ಬರುವುದಿಲ್ಲ.

ಉತ್ತರ: ರಾತ್ರಿ ಹಾಸಿಗೆಯಲ್ಲಿ ಹೇಳಬೇಡಿ, ಜಗಳದ ನಡುವೆಯೂ ಬೇಡ. ಬಟ್ಟೆ ಮಡಚುತ್ತಲೋ, ನಡೆಯುತ್ತಲೋ, ಮುಖ ಮುಖ ನೋಡಬೇಕಾಗಿಲ್ಲದ ಹೊತ್ತು ಆರಿಸಿಕೊಳ್ಳಿ. ರೋಗದ ಹೆಸರಿನಿಂದ ಶುರು ಮಾಡಿ, ಯಾರಿಂದ ಅನ್ನುವುದರಿಂದ ಬೇಡ. "ನನಗೆ ಹೀಗೊಂದು ಇನ್ಫೆಕ್ಷನ್ ಬಂದಿದೆ. ವಾಸಿ ಆಗುತ್ತೆ ಅಂದಿದ್ದಾರೆ. ಆದ್ರೆ ಒಬ್ಬಳೇ ಮಾತ್ರೆ ತಗೊಂಡ್ರೆ ಮತ್ತೆ ಬರುತ್ತಂತೆ. ನಿಮಗೂ ಬರೆದುಕೊಟ್ಟಿದ್ದಾರೆ, ಚೀಟಿ ಇಲ್ಲಿದೆ." ಇಷ್ಟೇ. ಎಲ್ಲಿಂದ ಬಂತು ಅಂತ ಅವರು ಕೇಳಿದರೆ, "ಗೊತ್ತಿಲ್ಲ, ಡಾಕ್ಟರಿಗೂ ಹೇಳಕ್ಕಾಗಲ್ಲವಂತೆ, ನೀವೇ ಬಂದು ಕೇಳಿ" ಅನ್ನಿ. ಅದಕ್ಕೂ ಬಾಯಿ ಬರದಿದ್ದರೆ ಈ ಪುಟವನ್ನು ಮಡಚಿ ಅವರ ಕೈಗೆ ಕೊಡಿ, ಅಥವಾ ಮುಂದಿನ ಭೇಟಿಗೆ ಇಬ್ಬರೂ ಬನ್ನಿ. ಅವರು ಹೊರಗಿನ ಬೆಂಚಿನಲ್ಲಿ ಕೂತಿದ್ದರೂ ಪರವಾಗಿಲ್ಲ, ನಾನೇ ಒಳಗೆ ಕರೆದು ಮಾತಾಡುತ್ತೇನೆ.